ಅಳಿವೆ

ರಿಯೋನಿ ಹೊಳೆ ಕಪ್ಪು ಸಮುದ್ರಕ್ಕೆ ಬೀಳುವಲ್ಲಿ,
ಅಳಿವೆಯ ದಂಡೆಯ ಮೇಲಿನ ತಗಡಿನ ಮನೆಯಲ್ಲಿ,
ಜುಂಬೆರನ ಎಣ್ಣೆಗಲೆಯ ಮೇಜಿನ ಮೇಲೆ
ಅಳಿವಿನ ನಮೂನೆಯನ್ನು ಬಿಚ್ಚಿಟ್ಟೆ.
ಹನ್ನೊಂದು ಪುಟ, ಒಂದು ಮೀನು.

ಇಲ್ಲಿಯವರು ಜುತ್ಖಿ ಎನ್ನುತ್ತಾರೆ.
ಬೆನ್ನುದ್ದಕ್ಕೂ ಎಲುಬಿನ ಗುಬುಟು,
ಮೂತಿಯಡಿ ನಾಲ್ಕು ಮೀಸೆ,
ಹಲ್ಲಿಲ್ಲದ ಬಾಯಿ, ಮುದುಕಿಯೊಬ್ಬಳು
ಕೆಸರಿನ ರುಚಿ ನೋಡುತ್ತಿರುವ ಹಾಗೆ.

ಮೂರು ತಲೆಮಾರಿನ ಹಿಂದೆ ಎಷ್ಟಿದ್ದವು?
"ಯಾರ ತಲೆಮಾರು?" ಅಂದ.
ಮೀನಿನದು, ಅಂದೆ.
ಬೆರಳು ಮಡಚಿದ. ಹೆಣ್ಣು ಮೈನೆರೆಯಲು ಇಷ್ಟು ವರ್ಷ,
ಮೊಟ್ಟೆಗೆ ಮತ್ತೆ ಹೊಳೆ ಹತ್ತಲು ಇಷ್ಟು,
ಅದನ್ನೇ ಮೂರು ಸಲ ಕೂಡಿ ತಲೆಯೆತ್ತಿದ:
"ಅಷ್ಟೇನಾ? ಅದು ನನ್ನ ವಯಸ್ಸು."

ಆಮೇಲೆ ಅವನನ್ನು ತಡೆಯಲಾಗಲಿಲ್ಲ.
ಸರ್ಕಾರಿ ದೋಣಿಗೆ ಸೇರಿದ ವರ್ಷ, ಒಂದೇ ಮೀನಿಗೆ ಒಂದು ಗಾಡಿ,
ಬಾಲ ರಸ್ತೆಗೆ ತಾಗಿ ಊರುದ್ದ ಗೆರೆ ಎಳೆದದ್ದು,
ಆ ಗೆರೆ ನೆಕ್ಕುತ್ತ ಬಂದ ನಾಯಿಗಳು.
ಮೇಲೆ ಅಣೆಕಟ್ಟು ಬಂದದ್ದು. ಜಲ್ಲಿಗೆಂದು ಹೊಳೆಯ ತಳವನ್ನೇ
ಲಾರಿ ಹತ್ತಿಸಿದ್ದು. ಒಂದು ಡಬ್ಬಿ ಮೊಟ್ಟೆಗೆ
ಒಂದು ಹಸುವಿನ ಬೆಲೆ ಬಂದ ಚಳಿಗಾಲ,
ಕರೆಂಟಿಲ್ಲದ ಚಳಿಗಾಲ. "ನಾನೂ ಹಿಡಿದೆ.
ಬರಕೋ."
ಅದಕ್ಕೆ ಕಲಮು ಇರಲಿಲ್ಲ.

ನನಗೆ ಬೇಕಿದ್ದದ್ದು ಶೇಕಡಾ.
ನೂರಕ್ಕೆ ಎಂಬತ್ತು ಇಳಿದಿದ್ದರೆ ಒಂದು ಮನೆ,
ಐವತ್ತಕ್ಕೆ ಇನ್ನೊಂದು, ಮೂವತ್ತಕ್ಕೆ ಮತ್ತೊಂದು,
ಪಗಡೆ ಹಾಸಿನ ಮೇಲೆ ಕಾಯಿ ನಡೆಸಿದಂತೆ,
ಆದರೆ ಇಲ್ಲಿ ಹಣ್ಣಾದರೆ ಯಾರೂ ಕುಣಿಯುವುದಿಲ್ಲ.
ಏನೂ ತಿಳಿಯದವಕ್ಕೆ ಬೇರೆ ಮನೆ: ಮಾಹಿತಿ ಸಾಲದು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೊನೆಯದನ್ನು ಕಂಡವರು ಯಾರು?

ಜುಂಬೆರ್ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ಉರುಳಿಸಿದ.
"ಹೋದ ವಸಂತ. ಮಂಜಿತ್ತು. ಬಲೆಯ ಆಚೆ ಬೆನ್ನು ಎದ್ದು ಮುಳುಗಿತು."
ಒಲೆಯ ಬಳಿಯಿಂದ ಗುಗುಲಿ:
"ಆವತ್ತು ನಿನ್ನ ಕನ್ನಡಕ ಈ ಕಿಟಕಿಯಲ್ಲಿತ್ತು."
"ಬೆನ್ನು ನೋಡಲು ಕನ್ನಡಕ ಬೇಕೇ?"
"ಮರದ ದಿಮ್ಮಿ ನೋಡಲು ಬೇಕು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಎನ್ನುತ್ತದೆ ನಮೂನೆಯೂ,
ಅದರದೇ ಭಾಷೆಯಲ್ಲಿ. ಫೋಟೋ ಇದೆಯೇ, ಕೇಳಿದೆ.
ಗುಗುಲಿ ಕೈ ಒರೆಸಿಕೊಂಡು ಡ್ರಾಯರ್ ಎಳೆದಳು,
ಬೀಗದ ಕೈ, ದಾರದುಂಡೆ, ಯಾರದೋ ಹಲ್ಲಿನ ಸೆಟ್ಟು,
ಅದರಡಿಯಿಂದ ಒಂದು ಎಲುಬಿನ ಬಿಲ್ಲೆ:
ಜುತ್ಖಿಯ ಬೆನ್ನಿನದು. ನಡುವೆ ಏಣು, ಅಂಚು ಸವೆದು ನುಣುಪು.
"ಪಾತ್ರೆಯ ತಳ ಕೆರೆಯಲು ಇದರಂಥದ್ದಿಲ್ಲ."
ಯಾವ ವರ್ಷದ್ದು?
ಅತ್ತೆಯದು ಅಂದಳು. ಅಲ್ಲ, ಮದುವೆಯ ಮೀನಿನದು.
ಯಾರ ಮದುವೆ ಎಂಬುದರ ಮೇಲೆ ಇಬ್ಬರೂ ಜಗಳಕ್ಕೆ ಬಿದ್ದರು.

ಸಂಜೆ ಹೊಳೆಗಿಳಿದು ಎರಡು ಬಾಟಲಿ ನೀರು ತುಂಬಿದೆ.
ಬಲೆ ಬೇಡ ಈಗ, ನೀರನ್ನೇ ಕೇಳಬಹುದು:
ಮೀನು ಹಾದುಹೋಗಿದ್ದರೆ ಒಂದಿಷ್ಟು ಲೋಳೆ, ಮೈಯಿಂದ ಉದುರಿದ್ದು
ಉಳಿದಿರುತ್ತದೆ ಕೆಲವು ದಿನ. ಅದಕ್ಕೂ ಅವಧಿಯುಂಟು.
ಜುಂಬೆರ್ ಬಾಟಲಿಯನ್ನು ದೀಪಕ್ಕೆ ಹಿಡಿದು
ಬಹಳ ಹೊತ್ತು ನೋಡಿದ, ಕನ್ನಡಕ ಹಾಕಿಕೊಂಡೇ.

ಅವರ ಫ್ರಿಜ್ಜಿನಲ್ಲಿ, ಚೀಸಿಗೂ ಹುಳಿಪ್ಲಮ್ಮಿನ ಗೊಜ್ಜಿಗೂ ನಡುವೆ
ರಾತ್ರಿ ಕಳೆದವು ಎರಡೂ.
ಬೆಳಿಗ್ಗೆ ಬಸ್ಸಿಗೆ ಮುಂಚೆ ತೆಗೆಯಹೋದರೆ
ಕೊರಳಿಗೊಂದು ಚೀಟಿ, ಹಸಿರು ದಾರದಲ್ಲಿ ಕಟ್ಟಿದ್ದು,
ಗುಗುಲಿಯ ಗುಂಡು ಅಕ್ಷರ:

ಚಹಾಕ್ಕೆ ಹಾಕಬೇಡಿ.
ಒಳಗೆ ಯಾರಾದರೂ ಇರಬಹುದು.